ಹಸ್ದೇವ್ ಅರಣ್ಯ: ಒಂದು ‘ಬೇಡ’ದ ಚರಿತ್ರೆ

2021ನೆಯ ಇಸವಿಯ ಅಕ್ಟೋಬರ್ 4ರಂದು ಛತ್ತೀಸಗಢದ ಉತ್ತರ ಭಾಗದ ಕಾಡಿನಿಂದ ಸುಮಾರು 350 ಮಂದಿ ಹಳ್ಳಿಗರು ರಾಜಧಾನಿಯಾದ ರಾಯಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ದಾರಿ ಸುಮಾರು 300 ಕಿಲೋಮೀಟರು. ಹಿಡಿದದ್ದು ಹತ್ತು ದಿನ. ಹೆಚ್ಚಿನವರು ಗೊಂಡ ಆದಿವಾಸಿಗಳು. ಹೆಂಗಸರೂ ಮುದುಕರೂ ಇದ್ದರು. ತಮ್ಮ ಊರುಗಳ ಸುತ್ತಲಿನ ಕಾಡನ್ನು ಕಲ್ಲಿದ್ದಲಿನ ಗಣಿಗೆ ಕೊಡಲು ತಾವು ಒಪ್ಪಿಲ್ಲವೆಂದೂ, ಒಪ್ಪಿದೆವೆಂದು ಸರಕಾರದ ಕಡತದಲ್ಲಿರುವ ಗ್ರಾಮಸಭೆಯ ನಿರ್ಣಯಗಳು ಸುಳ್ಳೆಂದೂ ಅವರ ದೂರು. ರಾಜ್ಯಪಾಲರು ಅವರನ್ನು ಬರಮಾಡಿಕೊಂಡು ಅಹವಾಲು ಕೇಳಿದರು, ಮುಖ್ಯಮಂತ್ರಿಗಳೂ ಕೇಳಿದರು. ಜನ ಊರಿಗೆ ಮರಳಿದರು. ಒಂದು ವಾರ ಕಳೆಯಿತು. ಅಕ್ಟೋಬರ್ 21ರಂದು ದೆಹಲಿಯ ಪರಿಸರ ಮಂತ್ರಾಲಯವು ಅದೇ ಕಾಡಿನ ‘ಪರ್ಸಾ’ ಎಂಬ ಗಣಿಗೆ ಅಂತಿಮ ಅರಣ್ಯ ಅನುಮತಿಯನ್ನು ನೀಡಿತು.

ಕೇಳಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಇಷ್ಟು ದೂರ ಹೇಗೆ ಉಂಟಾಯಿತು? ಇದನ್ನು ಯಾರೋ ಒಬ್ಬ ಅಧಿಕಾರಿಯ ದುಷ್ಟತನವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಇದರ ಹಿಂದೆ ಎರಡು ಶಬ್ದಗಳ ದೀರ್ಘವಾದ ಚರಿತ್ರೆಯಿದೆ: ‘ಸಮಾಲೋಚನೆ’ ಮತ್ತು ‘ಸಮ್ಮತಿ’. ಕಿವಿಗೆ ಅಣ್ಣತಮ್ಮಂದಿರಂತೆ ಕೇಳುವ ಈ ಶಬ್ದಗಳು ಕಾನೂನಿನಲ್ಲಿ ಒಂದೇ ಮನೆಯವಲ್ಲ. ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆಯಾಗುವಾಗ ‘ಹುಡುಗಿಯನ್ನೂ ಒಂದು ಮಾತು ಕೇಳಿದೆವು’ ಎನ್ನುವುದುಂಟು. ಅವಳು ಬೇಡವೆಂದಿದ್ದರೆ ಮದುವೆ ನಿಲ್ಲುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಹಸ್ದೇವ್ ಅರಣ್ಯದ ಪ್ರಶ್ನೆಯೂ ಅದೇ.

ಮೊದಲು ಆ ನಾಡನ್ನು ಸ್ವಲ್ಪ ನೋಡೋಣ. ಕೊರಿಯಾ ಸೀಮೆಯ ಎತ್ತರದ ನೆಲದಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಮಹಾನದಿಯನ್ನು ಸೇರುವ ಹೊಳೆ ಹಸ್ದೇವ್. ಅದಕ್ಕೆ ಕಟ್ಟಿದ ಬಾಂಗೋ ಅಣೆಕಟ್ಟಿನ ನೀರಿನಿಂದಲೇ ಕೆಳಗಿನ ಬಯಲಿನಲ್ಲಿ ಬತ್ತ ಬೆಳೆಯುತ್ತದೆ. ಆ ಹೊಳೆಯ ಜಲಾನಯನದಲ್ಲಿ, ಸರಗುಜಾ, ಕೋರ್ಬಾ, ಸೂರಜಪುರ ಜಿಲ್ಲೆಗಳಲ್ಲಿ, ಸುಮಾರು 1,70,000 ಹೆಕ್ಟೇರು ಹರಡಿರುವುದೇ ಹಸ್ದೇವ್ ಅರಣ್ಯ. ಮಧ್ಯ ಭಾರತದಲ್ಲಿ ಇಷ್ಟು ದೊಡ್ಡದಾಗಿ, ಹರಿದು ಚೂರಾಗದೆ ಉಳಿದ ಕಾಡುಗಳು ಬೆರಳೆಣಿಕೆಯವು. ಸಾಲವೃಕ್ಷಗಳೇ ಅಲ್ಲಿನ ಅರಸರು. ಬೇಸಗೆ ಮೊದಲಾಗುವಾಗ ಹಿಪ್ಪೆಯ ಹೂ ಉದುರುತ್ತದೆ; ನಸುಕಿನಲ್ಲೇ ಬುಟ್ಟಿ ಹಿಡಿದು ಹೋಗಿ ಆಯ್ದು ತಂದು ಒಣಗಿಸುತ್ತಾರೆ. ಅದರ ಬೆನ್ನಿಗೆ ಬೀಡಿಯ ಎಲೆ, ಚಾರೋಳಿ, ಸಾಲದ ಬೀಜ. ಹೊಲದ ಬತ್ತ ಹೊಟ್ಟೆಗಾದರೆ ಕಾಡಿನ ಹುಟ್ಟುವಳಿ ಕೈಗೆ ಕಾಸು. ಗಣಿಯ ಲೆಕ್ಕಪತ್ರದಲ್ಲಿ ಒಂದು ಮರ ಒಂದೇ ಸಲ ಎಣಿಕೆಗೆ ಬರುತ್ತದೆ, ಕಡಿಯುವಾಗ. ಅಲ್ಲಿನ ಹೆಂಗಸರ ಲೆಕ್ಕದಲ್ಲಿ ಅದು ವರ್ಷಕ್ಕೊಮ್ಮೆ, ಅಜ್ಜಿಯ ಕಾಲದಿಂದಲೂ, ಬರುತ್ತಲೇ ಇದೆ.

ಈ ಕಾಡಿನ ಅಡಿಯಲ್ಲಿ 500 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲಿದೆಯೆಂದು ಭೂಗರ್ಭ ಶಾಸ್ತ್ರಜ್ಞರ ಅಂದಾಜು. ಅದನ್ನು 23 ತುಂಡುಗಳಾಗಿ ನಕಾಶೆಯ ಮೇಲೆ ಗುರುತಿಸಿದ್ದಾರೆ. ಇಲ್ಲಿನ ಗಣಿಗಾರಿಕೆ ಸುರಂಗ ತೋಡಿ ಇಳಿಯುವಂಥದಲ್ಲ. ಮರ ಕಡಿದು, ಮಣ್ಣನ್ನೂ ಬಂಡೆಯನ್ನೂ ಸ್ಫೋಟಿಸಿ ಎತ್ತಿಹಾಕಿ, ನೆಲವನ್ನೇ ತೆರೆದು ಕಲ್ಲಿದ್ದಲನ್ನು ಬಾಚುವುದು. ಕಾಡನ್ನು ಮೇಲೆ ಉಳಿಸಿಕೊಂಡು ಕೆಳಗೆ ಗಣಿ ಮಾಡುವ ಪ್ರಶ್ನೆಯೇ ಅಲ್ಲಿಲ್ಲ.

ಇನ್ನು ಶಬ್ದಗಳ ಕಥೆ. ನಮ್ಮ ದೇಶದಲ್ಲಿ ಕಲ್ಲಿದ್ದಲಿನ ವ್ಯವಹಾರ 1774ರಲ್ಲಿ ಬಂಗಾಳದ ರಾಣಿಗಂಜದಲ್ಲಿ ಪ್ರಾರಂಭವಾಯಿತು. 1878ರ ಅರಣ್ಯ ಶಾಸನವು ಕಾಡನ್ನು ಸರಕಾರದ ಸೊತ್ತನ್ನಾಗಿ ಮಾಡಿತು. ಅಲ್ಲಿಯವರೆಗೆ ಹಕ್ಕಾಗಿದ್ದುದು ಅಂದಿನಿಂದ ರಿಯಾಯಿತಿಯಾಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರ ಡಿಸೆಂಬರಿನಲ್ಲಿ, ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಅವರು ಎದ್ದು ನಿಂತು, ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಯಾರೂ ಕಲಿಸಬೇಕಾಗಿಲ್ಲ, ಅವರಿಂದಲೇ ಕಲಿಯಬೇಕಾಗಿದೆ ಎಂಬರ್ಥದ ಮಾತನಾಡಿದರು. ಸಂವಿಧಾನದ ಐದನೆಯ ಅನುಸೂಚಿ ಆದಿವಾಸಿ ಪ್ರದೇಶಗಳಿಗೆ ವಿಶೇಷ ರಕ್ಷಣೆಯನ್ನು ಕೊಟ್ಟಿತು. ಆದರೆ 1957ರಲ್ಲಿ ಬಂದ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಶಾಸನವನ್ನು ನೋಡಿ: ಸರಕಾರ ತನ್ನ ಉದ್ದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸುವುದು, ಆಕ್ಷೇಪವಿದ್ದವರು 30 ದಿನಗಳೊಳಗೆ ಸಲ್ಲಿಸುವುದು. ಗೆಜೆಟ್ಟು ಯಾವ ಸಾಲದ ಮರದ ಕೆಳಗೆ ಹಂಚಲ್ಪಡುತ್ತದೆಯೋ ನಾನರಿಯೆ. ಸಮ್ಮತಿಯ ಮಾತು ಆ ಶಾಸನದಲ್ಲಿಲ್ಲ.

ನಾಲ್ಕು ದಶಕಗಳ ಅನಂತರ, 1996ರ ಡಿಸೆಂಬರಿನಲ್ಲಿ, ಅನುಸೂಚಿತ ಪ್ರದೇಶಗಳ ಪಂಚಾಯತಿಗಳ ಶಾಸನ ಬಂದಿತು. ಜನ ಇದನ್ನು ‘ಪೇಸಾ’ ಎಂದು ಕರೆಯುತ್ತಾರೆ. ಭೂಸ್ವಾಧೀನಕ್ಕೆ ಮುಂಚೆ ಗ್ರಾಮಸಭೆಯೊಡನೆ ಅಥವಾ ಪಂಚಾಯತಿಯೊಡನೆ ಸಮಾಲೋಚಿಸಬೇಕು ಎಂದು ಅದು ಹೇಳಿತು, ಸಮ್ಮತಿ ಪಡೆಯಬೇಕೆನ್ನಲಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, ಮರಳು ಜಲ್ಲಿಕಲ್ಲುಗಳಂಥ ಸಣ್ಣ ಖನಿಜಗಳನ್ನು ಗುತ್ತಿಗೆಗೆ ಕೊಡಲು ಗ್ರಾಮಸಭೆಯ ಅಥವಾ ಪಂಚಾಯತಿಯ ಪೂರ್ವ ಶಿಫಾರಸು ಅದೇ ಶಾಸನದಂತೆ ಕಡ್ಡಾಯ. ಕಲ್ಲಿದ್ದಲು ದೊಡ್ಡ ಖನಿಜ. ಅದಕ್ಕೆ ಈ ನಿಯಮವಿಲ್ಲ. ಹಳ್ಳದ ಮರಳಿನ ವಿಷಯದಲ್ಲಿ ಹಳ್ಳಿಗೆ ಬುದ್ಧಿಯಿದೆ, ಇಡೀ ಹಳ್ಳಿಯೇ ಹೋಗುವ ವಿಷಯದಲ್ಲಿ ಇಲ್ಲ ಎಂದಂತಾಯಿತು.

‘ಸಮ್ಮತಿ’ ಎಂಬ ಶಬ್ದ ಬಂದದ್ದು 2006ರ ಅರಣ್ಯ ಹಕ್ಕುಗಳ ಶಾಸನದ ದೆಸೆಯಿಂದ. ಅರಣ್ಯವಾಸಿಗಳಿಗೆ ಆದದ್ದು ಚಾರಿತ್ರಿಕ ಅನ್ಯಾಯವೆಂದು ಆ ಶಾಸನವೇ ತನ್ನ ಪೀಠಿಕೆಯಲ್ಲಿ ಒಪ್ಪಿಕೊಂಡಿದೆ. 2009ರ ಆಗಸ್ಟಿನಲ್ಲಿ ಪರಿಸರ ಮಂತ್ರಾಲಯ ಹೊರಡಿಸಿದ ಸುತ್ತೋಲೆಯೊಂದು, ಕಾಡನ್ನು ಬೇರೆ ಉಪಯೋಗಕ್ಕೆ ಕೊಡುವ ಮೊದಲು ಜನರ ಹಕ್ಕುಗಳನ್ನು ಇತ್ಯರ್ಥಗೊಳಿಸಿ ಗ್ರಾಮಸಭೆಗಳ ಒಪ್ಪಿಗೆಯನ್ನು ಪಡೆಯಬೇಕೆಂದಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಒಡಿಶಾದ ನಿಯಮಗಿರಿಯಲ್ಲಿ, ಬಾಕ್ಸೈಟ್ ಗಣಿಯ ವಿಷಯವಾಗಿ, 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ‘ಬೇಡ’ ಎಂದವು. 2014ರ ಜನವರಿಯಲ್ಲಿ ಮಂತ್ರಾಲಯವು ಆ ಗಣಿಗೆ ಅನುಮತಿ ನಿರಾಕರಿಸಿತು. ಬೆಟ್ಟದ ಮೇಲಿನ ಹಳ್ಳಿಯ ಒಂದು ಶಬ್ದ ದೆಹಲಿಯಲ್ಲಿ ಕೇಳಿಸಿದ ಅಪರೂಪದ ಪ್ರಸಂಗವದು.

ಹಸ್ದೇವದಲ್ಲಿ ಹಾಗಾಗಲಿಲ್ಲ. ಅಲ್ಲಿನ ಪ್ರಾರಂಭ ಮಾತ್ರ ಚೆನ್ನಾಗಿಯೇ ಇತ್ತು. 2010ರಲ್ಲಿ ಪರಿಸರ ಮತ್ತು ಕಲ್ಲಿದ್ದಲು ಮಂತ್ರಾಲಯಗಳು ಕೂಡಿಯೇ ಒಂಬತ್ತು ಕಲ್ಲಿದ್ದಲು ಕ್ಷೇತ್ರಗಳನ್ನು ಪರಿಶೀಲಿಸಿದಾಗ ಹಸ್ದೇವ್ ಇಡಿಯಾಗಿ ‘ಪ್ರವೇಶವಿಲ್ಲದ’ ಪ್ರದೇಶವೆಂದು ಗುರುತಾಗಿತ್ತು. 2011ರಲ್ಲಿ ಅರಣ್ಯ ಸಲಹಾ ಸಮಿತಿಯು ‘ಪರ್ಸಾ ಪೂರ್ವ–ಕೇತೆ ಬಾಸನ್’ ಎಂಬ ಗಣಿಯ ಅರ್ಜಿಯನ್ನು ತಿರಸ್ಕರಿಸುವಂತೆ ಸಲಹೆ ಮಾಡಿತು. ಆದರೆ ಜೂನ್ ತಿಂಗಳಿನಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಆ ಸಲಹೆಯನ್ನು ಬದಿಗಿರಿಸಿ ಅನುಮತಿ ಕೊಟ್ಟರು. ಇದು ದಟ್ಟ ಕಾಡಿನ ಅಂಚಿನಲ್ಲಿದೆ, ನಡುವೆ ಗುಡ್ಡದ ಸಾಲಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಅಂಚಿನಿಂದ ಪ್ರಾರಂಭವಾದದ್ದು ಅಂಚಿನಲ್ಲೇ ನಿಲ್ಲುವುದಿಲ್ಲವೆಂಬುದು ಸೆರಗಿಗೆ ಬೆಂಕಿ ತಾಗಿದವರಿಗೆಲ್ಲ ಗೊತ್ತು.

2013ರಲ್ಲಿ ಗಣಿ ತೆರೆಯಿತು. ಕಲ್ಲಿದ್ದಲು ರಾಜಸ್ಥಾನದ ಸರಕಾರಿ ವಿದ್ಯುತ್ ನಿಗಮಕ್ಕೆ. ತೋಡುವ ಕೆಲಸ ಅದಾನಿ ಸಂಸ್ಥೆಗೆ. 2014ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಅರಣ್ಯ ಅನುಮತಿಯನ್ನು ರದ್ದುಮಾಡಿ, ಆನೆಗಳ ದಾರಿಯನ್ನೂ ಜೀವವೈವಿಧ್ಯವನ್ನೂ ಕುರಿತು ಹೊಸದಾಗಿ ವಿಚಾರಿಸಬೇಕೆಂದಿತು. ಮುಂದಿನ ತಿಂಗಳೇ ಸರ್ವೋಚ್ಚ ನ್ಯಾಯಾಲಯವು ಕೆಲಸ ಮುಂದುವರಿಯಲು ಅವಕಾಶ ಕೊಟ್ಟಿತು. ಮೊದಲ ಹಂತದ 762 ಹೆಕ್ಟೇರಿನ ಕಲ್ಲಿದ್ದಲು 2028ರವರೆಗೆ ಸಾಕೆಂದು ಎಣಿಸಿದ್ದು 2022ರ ಹೊತ್ತಿಗೇ ಮುಗಿದಿತ್ತು. ಎರಡನೆಯ ಹಂತಕ್ಕೆ 1,136 ಹೆಕ್ಟೇರು ಬೇಕಾಯಿತು.

ಈ ನಡುವೆ ಸುಮಾರು 20 ಗ್ರಾಮಸಭೆಗಳು ಹೊಸ ಗಣಿಗಳು ಬೇಡವೆಂದು ನಿರ್ಣಯ ಮಾಡಿ ಕಳಿಸಿದ್ದವು. ಘಾಟಬರ್ರಾ ಎಂಬ ಊರಿನ ಕಥೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. 2013ರಲ್ಲಿ ಆ ಊರಿಗೆ ಅರಣ್ಯ ಹಕ್ಕುಗಳ ಶಾಸನದಂತೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಊರವರು ಆ ಪತ್ರವನ್ನು ಮುಂದಿಟ್ಟುಕೊಂಡು ಗಣಿಯನ್ನು ವಿರೋಧಿಸಿದರು. 2016ರ ಜನವರಿಯಲ್ಲಿ ಆಡಳಿತವು ಆ ಹಕ್ಕುಪತ್ರವನ್ನೇ ರದ್ದುಪಡಿಸಿತು. ಆ ನೆಲ ಗಣಿಗೆ ಮೊದಲೇ ಹೋಗಿತ್ತೆಂಬುದು ಒಂದು ಕಾರಣ. ಊರವರು ಈ ಹಕ್ಕಿನ ನೆಪದಲ್ಲಿ ಗಣಿಯ ಕೆಲಸಕ್ಕೆ ಅಡ್ಡಿಮಾಡುತ್ತಿದ್ದಾರೆಂಬುದು ಆದೇಶದಲ್ಲೇ ಕಂಡ ಇನ್ನೊಂದು ಮಾತು. ಒಮ್ಮೆ ಕೊಟ್ಟ ಹಕ್ಕನ್ನು ಹೀಗೆ ಹಿಂತೆಗೆಯುವ ವಿಧಿ ಆ ಶಾಸನದಲ್ಲಿ ಎಲ್ಲಿಯೂ ಇಲ್ಲ. ಹಕ್ಕನ್ನು ಉಪಯೋಗಿಸಿದ್ದೇ ಹಕ್ಕು ಕಳೆದುಕೊಳ್ಳುವುದಕ್ಕೆ ಕಾರಣವಾದ ಈ ಕಾಗದವನ್ನು ಆಡಳಿತ ಶಾಸ್ತ್ರದ ವಿದ್ಯಾರ್ಥಿಗಳು ಓದಬೇಕು.

ಪರ್ಸಾ ಗಣಿಯ ವಿಷಯದಲ್ಲಿ ‘ಬೇಡ’ ಎಂಬುದನ್ನು ರದ್ದುಮಾಡುವ ಕಷ್ಟವೂ ಬರಲಿಲ್ಲ; ಕಡತದಲ್ಲಿ ‘ಆಗಲಿ’ ಎಂದೇ ಬರೆದಿತ್ತು. ಸಾಲ್ಹಿ, ಹರಿಹರಪುರ, ಫತೇಪುರ ಗ್ರಾಮಸಭೆಗಳು 2017–18ರಲ್ಲಿ ಒಪ್ಪಿದುವೆಂದು ದಾಖಲೆ. ಅಂಥ ನಿರ್ಣಯ ತಮ್ಮ ಸಭೆಯಲ್ಲಿ ಆಗಲೇ ಇಲ್ಲವೆಂದು ಊರವರ ವಾದ. ಮೊದಲು ಹೇಳಿದ ಪಾದಯಾತ್ರೆ ಹೊರಟದ್ದು ಇದಕ್ಕಾಗಿ. ರಾಜ್ಯಪಾಲರು ವಿಚಾರಣೆ ನಡೆಸುವಂತೆ ಮುಖ್ಯ ಕಾರ್ಯದರ್ಶಿಗೆ ಪತ್ರ ಬರೆದರು. ಅನುಮತಿ ಆ ವಿಚಾರಣೆಗಾಗಿ ಕಾಯಲಿಲ್ಲ.

ಗಣಿಯ ಪರವಾಗಿ ಹೇಳುವವರ ಮಾತೂ ಹಗುರವಾದದ್ದಲ್ಲ. ರಾಜಸ್ಥಾನದ ಮನೆಗಳಲ್ಲಿಯೂ ದೀಪ ಉರಿಯಬೇಕು, ಪಂಪು ಓಡಬೇಕು. ನಮ್ಮ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೂ ಕಲ್ಲಿದ್ದಲು ಹೊರರಾಜ್ಯಗಳಿಂದಲೇ ಬರಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದ್ದರಿಂದ ನಾವು ದೂರ ನಿಂತು ಕೈತೊಳೆದುಕೊಳ್ಳುವಂತಿಲ್ಲ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು. ಸರಕಾರದ್ದೇ ಆದ ಭಾರತೀಯ ವನ್ಯಜೀವಿ ಸಂಸ್ಥೆಯು 2021ರಲ್ಲಿ ಕೊಟ್ಟ ವರದಿಯಂತೆ, ದೇಶದ ಕಾಡಾನೆಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಮೆ ಛತ್ತೀಸಗಢದಲ್ಲಿವೆ. ಆನೆಗಳಿಂದ ಸಾಯುವ ಮನುಷ್ಯರಲ್ಲಿ ಮಾತ್ರ ನೂರಕ್ಕೆ 15ಕ್ಕೂ ಹೆಚ್ಚು ಮಂದಿ ಆ ರಾಜ್ಯದವರು. ಕಾಡು ಚೂರಾದಷ್ಟೂ ಆನೆ ಹೊಲಕ್ಕೆ ಇಳಿಯುತ್ತದೆ. ಆಗಲೇ ನಡೆಯುತ್ತಿದ್ದ ಗಣಿಯೊಂದನ್ನು ಬಿಟ್ಟು ಉಳಿದ ಹಸ್ದೇವಕ್ಕೆ ಕೈಹಚ್ಚಬಾರದೆಂದು ಆ ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತು. ಆನೆಯ ಕಾಲಿಗೆ ಸಿಕ್ಕವನ ಹೆಸರು ವಿದ್ಯುತ್ತಿನ ಯೂನಿಟ್ಟಿನ ಬೆಲೆಯಲ್ಲಿ ಸೇರುವುದಿಲ್ಲ.

2022ರ ಮಾರ್ಚಿನಲ್ಲಿ ಹರಿಹರಪುರದಲ್ಲಿ ಜನ ಧರಣಿ ಕೂತರು. ಜೂನ್ ತಿಂಗಳಿನಲ್ಲಿ ದೆಹಲಿಯಿಂದ ಹೊಸ ಅರಣ್ಯ ಸಂರಕ್ಷಣಾ ನಿಯಮಗಳು ಹೊರಟವು. ಅವುಗಳ ಪ್ರಕಾರ ಕೇಂದ್ರವು ಮೊದಲು ಅನುಮತಿ ಕೊಟ್ಟುಬಿಡಬಹುದು. ಅರಣ್ಯ ಹಕ್ಕುಗಳ ಇತ್ಯರ್ಥವನ್ನು ರಾಜ್ಯವು ಆಮೇಲೆ ನೋಡಿಕೊಳ್ಳತಕ್ಕದ್ದು. ತಾಳಿ ಕಟ್ಟಿದ ಮೇಲೆ ಹುಡುಗಿಯನ್ನು ಕೇಳುವ ಕ್ರಮ. ಜುಲೈ 26ರಂದು ಛತ್ತೀಸಗಢದ ವಿಧಾನಸಭೆಯು ಹಸ್ದೇವದ ಗಣಿ ಹಂಚಿಕೆಗಳನ್ನೆಲ್ಲ ರದ್ದುಮಾಡುವಂತೆ ಕೇಂದ್ರವನ್ನು ಕೇಳುವ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು; ಒಬ್ಬ ಸದಸ್ಯನೂ ಎದುರು ಮತ ಹಾಕಲಿಲ್ಲ. ಅಂದು ಸದನವಿಡೀ ಹಳ್ಳಿಗರ ಮಾತನ್ನೇ ಆಡಿತು. ಮರುವರ್ಷ ಚುನಾವಣೆಯಲ್ಲಿ ಸರಕಾರ ಬದಲಾಯಿತು. 2023ರ ಡಿಸೆಂಬರಿನಲ್ಲಿ, ಪೊಲೀಸರ ಕಾವಲಿನಲ್ಲಿ, ಎರಡನೆಯ ಹಂತದ ಮರಗಳಿಗೆ ಮತ್ತೆ ಗರಗಸ ಹತ್ತಿತು.

2024ರ ಏಪ್ರಿಲಿನಲ್ಲಿ ಈ ಹೋರಾಟವನ್ನು ಸಂಘಟಿಸಿದವರಲ್ಲಿ ಒಬ್ಬರಾದ ಆಲೋಕ್ ಶುಕ್ಲಾ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಪಾದಯಾತ್ರೆಯ ಜನ ರಾಯಪುರ ಮುಟ್ಟಿ ಮೂರು ವರ್ಷ ತುಂಬಿದ ದಿನಗಳಲ್ಲಿ, ಪರ್ಸಾ ಗಣಿಗಾಗಿ ಮರ ಕಡಿಯುವವರು ಬಂದರು. ತಡೆಯಲು ನಿಂತ ಹಳ್ಳಿಗರಿಗೂ ಪೊಲೀಸರಿಗೂ ಕಾಡಿನಲ್ಲಿ ಘರ್ಷಣೆಯಾಯಿತು. ಎರಡೂ ಕಡೆಯವರಿಗೆ ಗಾಯಗಳಾದವು. ಸಾಲ್ಹಿ, ಹರಿಹರಪುರ, ಫತೇಪುರಗಳ ಹೆಸರಿನಲ್ಲಿರುವ ಆ ‘ಆಗಲಿ’ ಎಂಬ ನಿರ್ಣಯಗಳ ಮೇಲೆಯೇ ಕೊಟ್ಟ ಅನುಮತಿ ಅದು.