ಸೋತದ್ದು ಕಾಲೋ, ತಲೆಯೋ?

ದೊಡ್ಡ ಮ್ಯೂಸಿಯಂ ನೋಡೋಕೆ ಹೋದವರ ಪಾಡು ಹೆಚ್ಚುಕಡಿಮೆ ಒಂದೇ. ಮೊದಲ ಕೋಣೆಯಲ್ಲಿ ಪ್ರತಿ ಚಿತ್ರದ ಮುಂದೆ ನಿಲ್ಲುತ್ತೇವೆ, ಪಕ್ಕದ ವಿವರವನ್ನೂ ಬಿಡದೆ ಓದುತ್ತೇವೆ. ಐದನೇ ಕೋಣೆಗೆ ಬರುವಷ್ಟರಲ್ಲಿ ಕಣ್ಣು ಚಿತ್ರ ಬಿಟ್ಟು ಬೆಂಚು ಹುಡುಕುತ್ತಿರುತ್ತೆ. ಅಷ್ಟು ದುಡ್ಡು ಸುರಿದು ಬಂದೂ ಏನೂ ಅನ್ನಿಸ್ತಿಲ್ವಲ್ಲ, ನನಗೆ ಕಲೆಯ ಗಂಧಗಾಳಿಯೇ ಇಲ್ಲವೇನೋ ಅಂತ ಒಳಗೊಳಗೇ ನಾಚಿಕೆ.

ಈ ನಾಚಿಕೆ ಬೇಡ ಅಂತ ನೂರು ವರ್ಷಕ್ಕೂ ಹಿಂದೆಯೇ ಒಬ್ಬ ಫೋಟೋ ಸಮೇತ ತೋರಿಸಿಟ್ಟಿದ್ದಾನೆ. ಬೆಂಜಮಿನ್ ಐವ್ಸ್ ಗಿಲ್ಮನ್, ಅಮೆರಿಕದ ಬಾಸ್ಟನ್ ಲಲಿತಕಲಾ ಮ್ಯೂಸಿಯಮ್ಮಿನ ಕಾರ್ಯದರ್ಶಿ. 1916ರಲ್ಲಿ ‘ಸೈಂಟಿಫಿಕ್ ಮಂತ್ಲಿ’ಯಲ್ಲಿ ‘ಮ್ಯೂಸಿಯಂ ಫಟೀಗ್’, ಅಂದರೆ ಮ್ಯೂಸಿಯಂ ದಣಿವು, ಅನ್ನೋ ಲೇಖನ ಬರೆದ. ಕಣ್ಣು ಚೆನ್ನಾಗಿದ್ದ, ಮ್ಯೂಸಿಯಂ ನೋಡಿ ರೂಢಿಯಿದ್ದ ಒಬ್ಬನಿಗೆ ಪ್ರದರ್ಶನದ ವಸ್ತುಗಳ ಬಗ್ಗೆ ಸಣ್ಣಪುಟ್ಟ ಪ್ರಶ್ನೆ ಕೇಳಿ, ಉತ್ತರ ಹುಡುಕಲು ಆತ ಪಟ್ಟ ಪಾಡನ್ನು ಫೋಟೋ ತೆಗೆಸಿದ. ಬೆಳೆದ ಗಂಡಸೊಬ್ಬ ಸೊಂಟ ಬಗ್ಗಿಸಿ, ಕುಕ್ಕರುಗಾಲಲ್ಲಿ ಕೂತು, ಕತ್ತು ಚಾಚಿ ಗಾಜಿನ ಪೆಟ್ಟಿಗೆಯೊಳಗೆ ಇಣುಕುವ ಆ ಫೋಟೋ ನೋಡಿದರೆ ಈಗ ನಗು ಬರುತ್ತೆ. ಗಿಲ್ಮನ್ ನಗಲಿಲ್ಲ. ತಪ್ಪು ನೋಡುವವನದಲ್ಲ, ಜೋಡಿಸಿಟ್ಟವರದು ಅನ್ನೋದು ಅವನ ವಾದ. ಮ್ಯೂಸಿಯಮ್ಮಿನ ಸಂಬಳ ತಗೊಳ್ಳುತ್ತಲೇ ಹೀಗನ್ನೋಕೆ ಧೈರ್ಯ ಬೇಕು. ಬೆಳಕು ಕಣ್ಣಿಗೆ ಕುಕ್ಕದಿರಲಿ ಅಂತ ‘ಸ್ಕಿಯಾಸ್ಕೋಪ್’ ಎಂಬ, ಕಣ್ಣಿಗೆ ಹಿಡಿದು ನೋಡುವ ಡಬ್ಬಿಯನ್ನೂ ಸೂಚಿಸಿದ. ಅದು ಚಾಲ್ತಿಗೆ ಬರಲಿಲ್ಲ ಬಿಡಿ.

ಗಿಲ್ಮನ್ ಹಿಡಿದದ್ದು ಮೈಯ ದಣಿವನ್ನು. ತಲೆಯ ಕಡೆ ತಿರುಗಿದವನು ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ರಾಬಿನ್ಸನ್. ಸಂಗಡಿಗರೊಂದಿಗೆ ಸ್ಟಾಪ್‌ವಾಚ್ ಹಿಡಿದು, ಪ್ರೇಕ್ಷಕರ ಹಿಂದೆ ಸದ್ದಿಲ್ಲದೆ ಸುತ್ತಿ, 1928ರಲ್ಲಿ ವರದಿ ಪ್ರಕಟಿಸಿದ. ಹೊತ್ತು ಕಳೆದಂತೆ ಜನರ ಆಸಕ್ತಿ ಕುಗ್ಗುತ್ತಿತ್ತು. ಕಾಲುನೋವೊಂದೇ ಕಾರಣವಾದರೆ ಕೂತು ನೋಡಿದವರಿಗೆ ಹಾಗಾಗಬಾರದಲ್ಲ? ಪ್ರಯೋಗಾಲಯದಲ್ಲಿ ಕೂರಿಸಿ ಚಿತ್ರಗಳ ಪ್ರತಿ ಕೈಗೆ ಕೊಟ್ಟರೂ ಅದೇ ಕಥೆ! ಅವನ ಜೊತೆಗಾರ ಆರ್ಥರ್ ಮೆಲ್ಟನ್ 1935ರಲ್ಲಿ ಇನ್ನೊಂದು ಎಳೆ ಸೇರಿಸಿದ: ಒಂದೇ ಕೋಣೆಗೆ ಚಿತ್ರಗಳನ್ನು ಹೆಚ್ಚಿಸುತ್ತ ಹೋದರೆ ಒಂದೊಂದರ ಪಾಲಿನ ಗಮನ ಇಳಿಯುತ್ತೆ. ಚಿತ್ರಗಳೇ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ.

ಒಂದೇ ಬಗೆಯದು ಮತ್ತೆ ಮತ್ತೆ ಕಣ್ಣಿಗೆ ಬಿದ್ದಾಗ ಮಿದುಳಿನ ನರಕೋಶಗಳ ಪ್ರತಿಕ್ರಿಯೆ ತಗ್ಗುತ್ತೆ ಅನ್ನೋದು ಇವತ್ತು ನರವಿಜ್ಞಾನದ ಮೊದಲ ಪಾಠಗಳಲ್ಲೊಂದು. ಚಿನ್ನದ ಚೌಕಟ್ಟಿನ ಹದಿನೇಳನೇ ಭಾವಚಿತ್ರ ಎಷ್ಟೇ ಚೆನ್ನಾಗಿರಲಿ, ಅದರ ಹಿಂದಿನ ಹದಿನಾರು ಅದಕ್ಕೆ ಕನ್ನ ಹಾಕಿರುತ್ತವೆ.

ಲಂಡನ್ನಿನ ಸೆಮಿರ್ ಝೆಕಿ ಮತ್ತು ಹಿಡೆಯಾಕಿ ಕವಾಬಾತಾ 2004ರಲ್ಲಿ ಜನರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಚಿತ್ರ ತೋರಿಸಿದಾಗ, ‘ಸುಂದರ’ ಅನ್ನಿಸಿದವುಗಳಿಗೆ ಕಣ್ಣುಗೂಡಿನ ಮೇಲ್ಭಾಗದ ಮಿದುಳು ಹೆಚ್ಚು ಚುರುಕಾಯಿತು. ಒಳ್ಳೆಯ ಸಂಶೋಧನೆಯೇ. ಆದರೆ ಸ್ಕ್ಯಾನರ್‌ನಲ್ಲಿ ಮಲಗಿದವನಿಗೆ ಕಾಲುನೋವಿಲ್ಲ, ಸೆಲ್ಫಿ ಗುಂಪಿಲ್ಲ, ಇನ್ನೂ ಮೂರು ಮಹಡಿ ಬಾಕಿ ಅನ್ನೋ ಆತಂಕವಿಲ್ಲ. ಹಾಗಾಗಿ ನನ್ನ ಒಲವು ಸ್ಟಾಪ್‌ವಾಚ್ ಹಿಡಿದವರ ಕಡೆಗೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲೂ ಹೀಗೆ ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಹೆಸರಾಂತ ಚಿತ್ರಗಳ ಮುಂದೆ ಜನ ನಿಂತದ್ದು ಸರಾಸರಿ 27 ಸೆಕೆಂಡು. ಸುಮಾರು ಅರ್ಧದಷ್ಟು ಮಂದಿ 17 ಸೆಕೆಂಡಿನೊಳಗೇ ಮುಂದಕ್ಕೆ ಹೋಗಿದ್ದರು.

ಗಿಲ್ಮನ್‌ಗೆ ಇದು ಆಶ್ಚರ್ಯ ಅನ್ನಿಸುತ್ತಿರಲಿಲ್ಲ. 1909ರಲ್ಲಿ ಬಾಸ್ಟನ್ ಮ್ಯೂಸಿಯಂ ಹೊಸ ಕಟ್ಟಡಕ್ಕೆ ಹೋದಾಗಲೇ, ಆಯ್ದ ಕೆಲವನ್ನಷ್ಟೇ ಜನರ ಮುಂದಿಟ್ಟು, ಮಿಕ್ಕದ್ದನ್ನು ಅಧ್ಯಯನ ಮಾಡುವವರಿಗೆಂದು ಬೇರೆ ಇಡುವ ಪದ್ಧತಿಯ ಪರ ಅವನು ನಿಂತಿದ್ದ.