ಕನ್ನಡ ಎಂ.ಎ. ತರಗತಿಯೂ ನಮ್ಮ ನಾಲ್ಕು ತಾಲ್ಲೂಕುಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರನ್ನೆತ್ತಿದರೆ ಕೇಳುವವರಿಗೆ ಬೆಟ್ಟದ ಮೇಲಿನ ಕೋಟೆಗಳು ನೆನಪಾಗುತ್ತವೆ. ಇಲ್ಲವೇ ಮಳೆ ಕಾಣದ ಹೊಲಗಳೂ ಕಡಲೆಕಾಯಿಯ ಬೆಳೆಯೂ ನೆನಪಾಗುತ್ತವೆ. ಮೈಸೂರಿನ ಮಹಾರಾಜಾ ಕಾಲೇಜಿಗೂ ಅಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿಗೂ ಈ ಬಯಲುಸೀಮೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಅದನ್ನು ನಾನು ತಡವಾಗಿ ತಿಳಿದೆ.

ಮಹಾರಾಜಾ ಕಾಲೇಜಿನ ಮೂಲ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಶಾಲೆ. ಅದು ಕ್ರಮಕ್ರಮವಾಗಿ ಬೆಳೆದು ಕಾಲೇಜಾಯಿತು. ಬಹುಕಾಲ ಪರೀಕ್ಷೆ, ಪದವಿಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯದ ಅಧೀನ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಎರಡು ಕಣ್ಣುಗಳಾದವು. ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ಹಿರಿಯಣ್ಣನವರು ಸಂಸ್ಕೃತ ಕಲಿಸಿದರು. ಇಂತಹ ವಿದ್ಯಾಲಯದಲ್ಲಿಯೂ ಕನ್ನಡದಲ್ಲಿ ಎಂ.ಎ. ಮಾಡಬೇಕೆಂದರೆ ಅವಕಾಶವಿರಲಿಲ್ಲ. ವಿಶ್ವವಿದ್ಯಾನಿಲಯ ಹುಟ್ಟಿದ ಹನ್ನೊಂದು ವರ್ಷಗಳ ಮೇಲೆ, 1927ರಲ್ಲಿ, ಆ ತರಗತಿ ಆರಂಭವಾಯಿತು. ಅದರ ಹಿಂದೆ ನಿಂತವರು ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು. ಅವರು ಹುಟ್ಟಿದ್ದು ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ. ಪಾಠ ಹೇಳಿದವರಲ್ಲಿ ಪ್ರಮುಖರು ಟಿ. ಎಸ್. ವೆಂಕಣ್ಣಯ್ಯನವರು. ಅವರ ಊರಾದ ತಳುಕು ಚಳ್ಳಕೆರೆ ತಾಲ್ಲೂಕಿನದು. ನಮ್ಮ ಪಾವಗಡದಂತೆಯೇ ತೆಲುಗು ನಾಡಿಗೆ ಅಂಟಿಕೊಂಡ ನೆಲ.

ಆ ಮೊದಲ ತಂಡದಲ್ಲಿ ಕುಪ್ಪಳಿಯ ಪುಟ್ಟಪ್ಪನವರಿದ್ದರೆಂಬುದು ಎಲ್ಲರಿಗೂ ಗೊತ್ತು. ಅವರ ಜೊತೆಗೆ ಕುಳಿತಿದ್ದ ಇನ್ನೊಬ್ಬರು ಡಿ. ಎಲ್. ನರಸಿಂಹಾಚಾರ್ಯರು. ಅವರ ಎಳವೆಯ ವಿದ್ಯಾಭ್ಯಾಸ ನಡೆದದ್ದು ಪಾವಗಡ, ಶಿರಾಗಳ ಶಾಲೆಗಳಲ್ಲಿ. 1929ರಲ್ಲಿ ಇಬ್ಬರೂ ಎಂ.ಎ. ಆದರು. ಒಬ್ಬರು ಮಲೆನಾಡಿನಿಂದ ಬಂದು ಮಹಾಕವಿಯಾದರು. ಇನ್ನೊಬ್ಬರು ಬಯಲುಸೀಮೆಯ ಶಾಲೆಗಳಿಂದ ಬಂದು ಗ್ರಂಥಸಂಪಾದನಶಾಸ್ತ್ರಕ್ಕೆ ಕನ್ನಡದಲ್ಲಿ ಅಡಿಪಾಯ ಹಾಕಿದರು.

ಆಗಿನ ಎಂ.ಎ. ವಿದ್ಯಾರ್ಥಿಯ ಕಷ್ಟವನ್ನು ಇಂದು ಊಹಿಸುವುದು ಸುಲಭವಲ್ಲ. ರೈಸರು 1898ರಲ್ಲಿ ಅಚ್ಚು ಹಾಕಿಸಿದ ಪಂಪಭಾರತವಿತ್ತು; ಸಾಹಿತ್ಯ ಪರಿಷತ್ತಿನ ಆವೃತ್ತಿ ಬಂದದ್ದು 1931ರಲ್ಲಿ. ಕವಿಚರಿತೆಯ ಮೂರನೆಯ ಸಂಪುಟ ಹೊರಬಿದ್ದದ್ದೇ ಅವರು ಪದವಿ ಪಡೆದ 1929ರಲ್ಲಿ. ಪಠ್ಯವೇ ಪೂರ್ತಿ ಶುದ್ಧವಾಗಿಲ್ಲದಾಗ ಪಾಠ ಕೇಳುವುದೆಂದರೆ ಗುರುವಿನೊಡನೆ ಕುಳಿತು ಪಾಠವನ್ನು ಹುಡುಕುವುದೇ ಆಗಿತ್ತು. ಹೀಗೆ ಹುಡುಕುವ ವಿದ್ಯೆಯನ್ನೇ ನರಸಿಂಹಾಚಾರ್ಯರು ಬಾಳಿನ ಕಾಯಕವಾಗಿಸಿಕೊಂಡರು. 1949ರ ಅವರ ವಡ್ಡಾರಾಧನೆ, 1959ರ ಶಬ್ದಮಣಿದರ್ಪಣ, 1964ರ 'ಕನ್ನಡ ಗ್ರಂಥಸಂಪಾದನೆ' ಇವುಗಳಿಲ್ಲದೆ ನಮ್ಮಂತಹವರ ವಿದ್ಯಾಭ್ಯಾಸ ಸಾಗುತ್ತಿರಲಿಲ್ಲ.

ಇಂತಹ ವಿದ್ಯೆಗೆ ತರಗತಿಯ ಗಂಟೆಗಳು ಸಾಲುವುದಿಲ್ಲ, ಅಲ್ಲಿಯೇ ವಾಸವಾಗಿರಬೇಕು. ಆದರೆ ವಾಸ ಮಾಡುವುದಕ್ಕೆ ಅನ್ನ ಬೇಕು. ದೂರದ ತಾಲ್ಲೂಕುಗಳ ಬಡ ಹುಡುಗರು ಅಂದು ವಾರಾನ್ನದಿಂದ, ಅಂದರೆ ದಿನಕ್ಕೊಂದು ಮನೆಯ ಊಟದಿಂದ, ಓದಿದರು. ಜಾತಿಯ ಕಾರಣದಿಂದ ಆ ಬಾಗಿಲುಗಳು ತೆರೆಯದಿದ್ದ ಹುಡುಗರ ಪಾಲಿಗೆ ಉಚಿತ ವಿದ್ಯಾರ್ಥಿನಿಲಯಗಳೇ ಆಸರೆ. ತುಮಕೂರಿನ ಸಿದ್ಧಗಂಗೆಯ ದಾಸೋಹವಿಲ್ಲದಿದ್ದರೆ ನಮ್ಮ ನಾಲ್ಕು ತಾಲ್ಲೂಕುಗಳ ಎಷ್ಟೋ ಮಕ್ಕಳು ಹೈಸ್ಕೂಲಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಮೈಸೂರಿನ ಮಾತು ದೂರವೇ ಉಳಿಯಿತು. ಯಾರಿಗೆ ಎಲ್ಲಿ ಊಟ ದೊರೆಯುತ್ತದೆಂಬುದೇ ಯಾರು ಎಷ್ಟು ಓದಬಲ್ಲರೆಂಬುದನ್ನು ನಿರ್ಧರಿಸುತ್ತಿತ್ತು.

ಗುರುಗಳೂ ಕಾಲೇಜಿನ ಹತ್ತಿರದಲ್ಲಿಯೇ ಬಾಳುತ್ತಿದ್ದರು. ಅವರ ಮನೆಯ ಜಗಲಿಯೂ ಒಂದು ತರಗತಿಯೇ. ಈ ಭಾಷಣವನ್ನು ಬಾನುಲಿಯಲ್ಲಿ ಮಾಡುತ್ತಿರುವುದರಿಂದ ಒಂದು ಸಂಗತಿಯನ್ನು ಹೇಳದೆ ಬಿಡಲಾರೆ. 'ಆಕಾಶವಾಣಿ' ಎಂಬ ಹೆಸರಿನ ನಿಲಯ ಆರಂಭವಾದದ್ದು 1935ರಲ್ಲಿ, ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮೈಸೂರಿನ ಮನೆಯಲ್ಲಿ. ಪ್ರಾಧ್ಯಾಪಕರ ಮನೆ ಊರಿನ ವಿದ್ಯಾಕೇಂದ್ರವಾಗಿದ್ದ ಕಾಲದಲ್ಲಿ ಮಾತ್ರ ಇಂತಹದು ಸಾಧ್ಯ.

1960ರಲ್ಲಿ ಸ್ನಾತಕೋತ್ತರ ತರಗತಿಗಳಿಗೆಂದು ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿ ತಲೆಯೆತ್ತಿತು. ಹೆಸರಿಟ್ಟವರು ಆಗ ಉಪಕುಲಪತಿಗಳಾಗಿದ್ದ ಕುವೆಂಪು, 1927ರ ಆ ತರಗತಿಯ ವಿದ್ಯಾರ್ಥಿಯೇ. ನಾನು ಅಲ್ಲಿಗೆ ಕಾಲಿಟ್ಟದ್ದು 1981ರಲ್ಲಿ. ಮಧುಗಿರಿಯಿಂದ ಕೊರಟಗೆರೆಯ ಮೇಲೆ ತುಮಕೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ಮೀಟರ್ ಗೇಜ್ ರೈಲು. ಒಂದು ತಗಡಿನ ಪೆಟ್ಟಿಗೆ, ಅವ್ವ ಕಟ್ಟಿಕೊಟ್ಟ ಹುರಿಗಡಲೆಯ ಗಂಟು. ತಿಂಗಳ ಕೊನೆಯಲ್ಲಿ ಅಡುಗೆಮನೆಯ ಖರ್ಚನ್ನೆಲ್ಲ ಕೂಡಿಸಿ ತಲೆಗಿಷ್ಟೆಂದು ಹಂಚುತ್ತಿದ್ದರು. ಅನ್ನ ಧಾರಾಳವಾಗಿತ್ತು; ಮುದ್ದೆಯಿಲ್ಲದೆ ಹೊಟ್ಟೆ ತುಂಬಿದಂತಾಗುತ್ತಿರಲಿಲ್ಲ.

ನನ್ನ ಕೊಠಡಿಯ ಗೆಳೆಯ ಪಾವಗಡದ ಕಡೆಯವನು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು ಅದು. ಅವನ ಮನೆಮಾತು ತೆಲುಗು. ಅವನ ಉಚ್ಚಾರಣೆಯನ್ನು ಕೇಳಿ ಸಹಪಾಠಿಗಳು ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಒಂದು ರಾತ್ರಿ ಪಂಪಭಾರತದ ವೃತ್ತವೊಂದಕ್ಕೆ ಪ್ರಸ್ತಾರ ಹಾಕಲಾರದೆ ನಾನು ಒದ್ದಾಡುತ್ತಿದ್ದಾಗ ಅವನು ಹಾಸಿಗೆಯಿಂದಲೇ ಅದನ್ನು ರಾಗವಾಗಿ ಓದಿ, "ಇದು ಚಂಪಕಮಾಲೆಯಲ್ಲವೇನೋ?" ಎಂದ. ತಾತನ ಬಾಯಿಂದ ತೆಲುಗು ಭಾಗವತದ ಪದ್ಯಗಳನ್ನು ಕೇಳಿ ಬೆಳೆದವನು ಅವನು. ಕಂದ, ಉತ್ಪಲಮಾಲೆ, ಚಂಪಕಮಾಲೆಗಳು ಎರಡು ಭಾಷೆಗಳಿಗೂ ಸೇರಿದ ಸೊತ್ತು. ನಾನು ಪುಸ್ತಕದಲ್ಲಿ ಲಘು ಗುರು ಎಣಿಸುತ್ತಿದ್ದೆ; ಅವನ ಕಿವಿಯಲ್ಲಿ ಅವು ಮೊದಲೇ ಇದ್ದವು. ಅಂದಿನಿಂದ ನಮ್ಮ ಕೊಠಡಿಯಲ್ಲಿ ರಾತ್ರಿ ಊಟವಾದ ಮೇಲೆ ಛಂದಸ್ಸಿನ ಪಾಠ, ಗುರು ಅವನು. ನಕ್ಕವರೂ ಬಂದು ಚಾಪೆಯ ಮೇಲೆ ಕುಳಿತರು. ಗಡಿಯ ತಾಲ್ಲೂಕಿನವನೆಂದರೆ ಕೊರತೆಯುಳ್ಳವನೆಂಬ ನನ್ನ ಭಾವನೆ ಹೋದದ್ದು ಆ ಕೊಠಡಿಯಲ್ಲಿ. ಸಂಜೆಯ ಬಸ್ಸು ಹಿಡಿದು ಮನೆಗೆ ಹೋಗುವವನಾಗಿದ್ದರೆ ನನಗೆ ಆ ವಿದ್ಯೆ ದಕ್ಕುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ನನ್ನ ತಂಗಿ ನನಗಿಂತ ಚುರುಕು. ಬಿ.ಎ.ಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಳು. ಅವಳಿಗೂ ಎಂ.ಎ. ಓದುವ ಆಸೆಯಿತ್ತು. "ಹೆಣ್ಣುಮಗಳನ್ನು ಅಷ್ಟು ದೂರ ಬಿಟ್ಟಿರುವುದು ಹೇಗಪ್ಪ?" ಎಂದರು ನಮ್ಮ ತಂದೆ. ನಾನು ಎದುರು ಮಾತನಾಡಲಿಲ್ಲ. ನನ್ನ ಖರ್ಚಿಗೇ ಹಣ ಹೊಂದಿಸಲಾಗುತ್ತಿಲ್ಲವೆಂದು ಸಮಾಧಾನ ಹೇಳಿಕೊಂಡೆ. ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಅವಳು ಮದುವೆಯಾದ ಮೇಲೂ ಬಹುದಿನ ಇಟ್ಟುಕೊಂಡಿದ್ದಳು. ವಾಸದ ವಿದ್ಯೆಯನ್ನು ಹೊಗಳುವಾಗಲೆಲ್ಲ ಆ ಪುಸ್ತಕಗಳು ನನ್ನ ಕಣ್ಣೆದುರು ಬರುತ್ತವೆ.

2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸ್ನಾತಕೋತ್ತರ ವಿದ್ಯೆ ನಮ್ಮ ತಾಲ್ಲೂಕುಗಳ ಹತ್ತಿರಕ್ಕೇ ಬಂತು. ಬೆಳಿಗ್ಗೆ ಮಧುಗಿರಿಯಲ್ಲೋ ಕೊರಟಗೆರೆಯಲ್ಲೋ ಬಸ್ಸು ಹತ್ತಿ ಸಂಜೆಗೆ ಮನೆ ಸೇರುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಸಂತೋಷವಾಗುತ್ತದೆ. ನನ್ನ ತಂಗಿಗೆ ಮುಚ್ಚಿದ್ದ ಬಾಗಿಲು ಅವರಿಗೆ ತೆರೆದಿದೆ. ಆದರೆ ಉಪನ್ಯಾಸ ಮುಗಿಯುವ ಮುನ್ನವೇ ಗಡಿಯಾರ ನೋಡಿ ಏಳುವವರೂ ಅವರೇ. ಒಮ್ಮೆ ವಿಚಾರಗೋಷ್ಠಿಯೊಂದರಲ್ಲಿ ನಾನು ಮಾತು ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿರೆಂದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಪ್ರಶ್ನೆ ಇದೆ ಸಾರ್, ಆದರೆ ಪಾವಗಡದ ಬಸ್ಸು ಹೊರಡುತ್ತದೆ" ಎಂದು ಕೈಮುಗಿದು ಹೊರಟಳು. ಅವಳ ಪ್ರಶ್ನೆ ಏನೆಂಬುದು ನನಗೆ ಕೊನೆಗೂ ತಿಳಿಯಲಿಲ್ಲ.

ಹಿಂದಿನ ಕಾಲ ಮರಳಿ ಬರಲೆಂದು ನಾನು ಬಯಸುವುದಿಲ್ಲ. ಅಂದು ಒಳಗೆ ಬಂದವರಷ್ಟೇ ಹೊರಗೆ ಉಳಿದವರೂ ಇದ್ದರು. ಆದರೆ 1927ರ ತರಗತಿ ನಮಗೆ ಕಲಿಸಿದ ಪಾಠವೊಂದಿದೆ. ಎತ್ತರದ ವಿದ್ಯೆಗೆ ಪುಸ್ತಕ, ಗುರು, ಜೊತೆಗಾರ ಈ ಮೂವರೊಡನೆ ಬಿಡುವಾಗಿ ಕಳೆಯುವ ರಾತ್ರಿಗಳು ಬೇಕು. ಗಡಿಯ ತಾಲ್ಲೂಕಿನ ಹೆಣ್ಣುಮಗಳಿಗೆ ಒಂದು ಸುರಕ್ಷಿತ ಕೊಠಡಿ, ಎರಡು ಹೊತ್ತಿನ ಊಟ, ರಾತ್ರಿ ಒಂಬತ್ತರವರೆಗೆ ತೆರೆದಿರುವ ಗ್ರಂಥಾಲಯ - ಇಷ್ಟನ್ನು ಒದಗಿಸುವುದು ನಮ್ಮ ಕೈಲಾಗದ ಕೆಲಸವೇನಲ್ಲ. ಅಷ್ಟಾದರೆ ಆ ಹುಡುಗಿಯ ಪ್ರಶ್ನೆಯನ್ನು ನಾವು ಕುಳಿತು ಕೇಳಬಹುದು.