ಒಬ್ಬರೇ ಆಡುವ ಗೊಂಬೆ ಕಾಳಗ: ನಿಯಮ ಪುಸ್ತಕ ಕೊಳ್ಳುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪಿನಿಂದ ಅಳೆದು ಮುಂದೆ ಸರಿಸಿ, ದಾಳ ಉರುಳಿಸಿ ಹೋರಾಡಿಸುವ ವಿಡಿಯೊಗಳನ್ನು ನೀವು ನೋಡಿರಬಹುದು. ಈ ಆಟಕ್ಕೆ ಮಿನಿಯೇಚರ್ ವಾರ್‌ಗೇಮ್ ಎಂದು ಹೆಸರು. ನೋಡಿದ ಮೇಲೆ ಆಡುವ ಆಸೆ ಹುಟ್ಟುತ್ತದೆ. ಅದರ ಹಿಂದೆಯೇ ಎರಡು ಅನುಮಾನ ಬರುತ್ತವೆ: "ಇದಕ್ಕೆ ಜೊತೆಗಾರ ಬೇಕಲ್ಲ, ನಮ್ಮೂರಲ್ಲಿ ಯಾರಿದ್ದಾರೆ?", "ನೂರಾರು ಗೊಂಬೆ ಬೇಕಲ್ಲ, ಅಷ್ಟು ದುಡ್ಡು ಎಲ್ಲಿದೆ?"

ಎರಡೂ ಪೂರ್ತಿ ನಿಜವಲ್ಲ. ಆದರೆ ಚಂದದ ಮುಖಪುಟ ನೋಡಿ ನಿಯಮ ಪುಸ್ತಕ ಕೊಂಡು, ಒಬ್ಬರೇ ಎರಡು ಆಟ ಆಡಿ, ಬೇಸರಪಟ್ಟು ಎಲ್ಲವನ್ನೂ ಅಟ್ಟಕ್ಕೆ ಹಾಕುವವರೂ ಇದ್ದಾರೆ. ತಪ್ಪು ಅವರದ್ದಲ್ಲ, ಆಯ್ಕೆಯದ್ದು. ಒಂಟಿ ಆಟಕ್ಕೆ ಎಂಥ ನಿಯಮ ಹೊಂದುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಸ್ಕರ್ಮಿಶ್ ಆಟ ಎಂದರೇನು?

1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ಮನೆಯ ನೆಲದ ಮೇಲೆ ಆಟಿಕೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಆಟಿಕೆ ಫಿರಂಗಿಯಿಂದ ಹೊಡೆದು ಬೀಳಿಸುವ ಆಟದ ನಿಯಮಗಳು ಅದರಲ್ಲಿದ್ದವು. ದೊಡ್ಡ ಕಾಳಗದ ಹಲವು ಆಟಗಳಲ್ಲಿ ಹತ್ತಾರು ಗೊಂಬೆಗಳು ಸೇರಿ ಒಂದು ತುಕಡಿಯಾಗುತ್ತವೆ. ತುಕಡಿ ಇಡಿಯಾಗಿ ನಡೆಯುತ್ತದೆ, ಇಡಿಯಾಗಿ ಹೋರಾಡುತ್ತದೆ.

ಸ್ಕರ್ಮಿಶ್ ಎಂದರೆ ಚಿಕ್ಕ ಚಕಮಕಿ. ಇಲ್ಲಿ ಒಂದು ಗೊಂಬೆ ಎಂದರೆ ಒಬ್ಬ ಮನುಷ್ಯ. ನಿಮ್ಮ ಕಡೆ ಐದರಿಂದ ಹತ್ತು ಗೊಂಬೆ ಇದ್ದರೆ ಸಾಕು, ಎದುರಿಗೆ ಅಷ್ಟೇ ಅಥವಾ ತುಸು ಹೆಚ್ಚು. ಗೊಂಬೆಗಳ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್ ಆಸುಪಾಸು. ಎರಡು–ಮೂರು ಅಡಿ ಅಗಲದ ಮೇಜಿನಲ್ಲಿ ಆಟ ಮುಗಿಯುತ್ತದೆ. ಹಾಗಾಗಿ ಒಬ್ಬರೇ ಆಡಲು ಇದೇ ಅನುಕೂಲ.

ಒಬ್ಬರೇ ಆಡುವುದು ಹೊಸ ಫ್ಯಾಷನ್ ಕೂಡ ಅಲ್ಲ. ಈ ಹವ್ಯಾಸವನ್ನು ಬೆಳೆಸಿದವರಲ್ಲಿ ಒಬ್ಬರಾದ ಡೊನಾಲ್ಡ್ ಫೆದರ್‌ಸ್ಟೋನ್ 1973ರಲ್ಲೇ 'ಸೋಲೋ ವಾರ್‌ಗೇಮಿಂಗ್' ಎಂಬ ಪುಸ್ತಕ ಪ್ರಕಟಿಸಿದ್ದರು.

ತೊಡಕು ಎಲ್ಲಿದೆ?

ಚದುರಂಗವನ್ನು ಎರಡೂ ಕಡೆಯಿಂದ ನೀವೇ ಆಡಿ ನೋಡಿ. ಬಿಳಿ ಕಾಯಿಯ ಹೊಂಚು ಕಪ್ಪು ಕಾಯಿಗೆ ಮೊದಲೇ ಗೊತ್ತು! ಎರಡೂ ತಲೆ ನಿಮ್ಮದೇ ಆದಾಗ ಅಚ್ಚರಿಗೆ ಜಾಗವಿಲ್ಲ. ಜೊತೆಗೆ ನಮಗೆ ಅರಿವಿಲ್ಲದೆಯೇ ಮೆಚ್ಚಿನ ಕಡೆಗೆ ಒಲವು ತೋರಿಸುತ್ತೇವೆ.

ಆದ್ದರಿಂದ ಒಂಟಿ ಆಟದ ನಿಯಮಕ್ಕೆ ಒಂದು ಮುಖ್ಯ ಕೆಲಸವಿದೆ: ಕೆಲವು ನಿರ್ಧಾರಗಳನ್ನು ನಿಮ್ಮ ಕೈಯಿಂದ ತೆಗೆದುಕೊಂಡು ದಾಳಕ್ಕೋ ಇಸ್ಪೀಟು ಎಲೆಗೋ ಒಪ್ಪಿಸುವುದು. ಕೆಳಗಿನ ಐದೂ ಪ್ರಶ್ನೆಗಳು ಇದನ್ನೇ ಬೇರೆ ಬೇರೆ ಕಡೆಯಿಂದ ಪರೀಕ್ಷಿಸುತ್ತವೆ.

ಪ್ರಶ್ನೆ 1: ಸರದಿ ಯಾರದ್ದೆಂದು ಯಾರು ತೀರ್ಮಾನಿಸುತ್ತಾರೆ?

'ಮೊದಲು ನನ್ನ ಗೊಂಬೆಗಳೆಲ್ಲ, ಆಮೇಲೆ ನಿನ್ನವೆಲ್ಲ' ಎಂಬ ನಿಯಮದಲ್ಲಿ ಒಂಟಿ ಆಟಗಾರನಿಗೆ ಮುಂದಿನದು ಮೊದಲೇ ಕಾಣುತ್ತದೆ. ಸರದಿಯೇ ಅನಿಶ್ಚಿತವಾಗಿದ್ದರೆ ಆಟಕ್ಕೆ ಜೀವ ಬರುತ್ತದೆ.

ಆಂಡ್ರಿಯಾ ಸ್ಫಿಲಿಗೋಯಿ ಬರೆದ 'ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಗೊಂಬೆಯನ್ನು ಚಾಲೂ ಮಾಡಲು ಒಂದು, ಎರಡು ಅಥವಾ ಮೂರು ದಾಳ ಹಾಕಬಹುದು. ಎಷ್ಟು ಗೆಲುವೋ ಅಷ್ಟು ಕೆಲಸ. ಆದರೆ ಎರಡು ದಾಳ ಸೋತರೆ ಸರದಿ ಎದುರಾಳಿಗೆ ಹೋಗುತ್ತದೆ.

ಲೆಕ್ಕ ಹಾಕೋಣ. 4 ಅಥವಾ ಹೆಚ್ಚು ಬಿದ್ದರೆ ಗೆಲ್ಲುವ ಸಾಧಾರಣ ಗೊಂಬೆ ಎಂದುಕೊಳ್ಳಿ. ಒಂದೇ ದಾಳ ಹಾಕಿದರೆ ಸರದಿ ಹೋಗುವ ಭಯವೇ ಇಲ್ಲ. ಎರಡು ಹಾಕಿದರೆ ಸರದಿ ಕಳೆದುಕೊಳ್ಳುವ ಸಂಭವ ಶೇ 25. ಮೂರು ಹಾಕಿದರೆ ಶೇ 50! 3 ಬಿದ್ದರೂ ಗೆಲ್ಲುವ ನುರಿತ ವೀರನಿಗೆ ಇದೇ ಅಪಾಯ ಎರಡು ದಾಳಕ್ಕೆ ಸುಮಾರು ಶೇ 11, ಮೂರಕ್ಕೆ ಸುಮಾರು ಶೇ 26. ಆಸೆ ಪಡಬೇಕೋ ಸುಮ್ಮನಿರಬೇಕೋ ಎಂಬ ಚಿಂತೆ ಪ್ರತಿ ಹೆಜ್ಜೆಗೂ ಇರುತ್ತದೆ. ಹೀಗಾಗಿ ಇಬ್ಬರಿಗೆಂದು ಬರೆದ ಈ ನಿಯಮ ಒಬ್ಬರಿಗೂ ಚೆನ್ನಾಗಿ ಒದಗುತ್ತದೆ.

ಪ್ರಶ್ನೆ 2: ಎದುರಾಳಿ ಏನು ಮಾಡಬೇಕೆಂದು ಪುಸ್ತಕ ಹೇಳುತ್ತದೆಯೇ?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಕಂಪ್ಯೂಟರ್ ಗೇಮಿನಲ್ಲಿ ಶತ್ರುವನ್ನು ಯಂತ್ರ ನಡೆಸುತ್ತದೆ. ಮೇಜಿನ ಆಟದಲ್ಲಿ ಆ ಕೆಲಸವನ್ನು ಒಂದು ಚಿಕ್ಕ ಪಟ್ಟಿ ಮಾಡಬೇಕು. ಉದಾಹರಣೆಗೆ: 'ಹತ್ತಿರ ಯಾರಾದರೂ ತಾಗಿ ನಿಂತಿದ್ದರೆ ಹೋರಾಡು. ಇಲ್ಲವಾದರೆ, ಕಣ್ಣಿಗೆ ಯಾರಾದರೂ ಬಿದ್ದರೆ ಅವರತ್ತ ನಡೆ. ಅದೂ ಇಲ್ಲವಾದರೆ ದಾಳ ತೋರಿಸಿದ ದಿಕ್ಕಿಗೆ ಹೋಗು.' ಮೇಲಿನಿಂದ ಕೆಳಗೆ ಓದುತ್ತ ಮೊದಲು ಹೊಂದಿದ ಸಾಲನ್ನು ಪಾಲಿಸಿದರೆ ಆಯಿತು.

ಐವನ್ ಸೋರೆನ್ಸನ್ ಬರೆದ 'ಫೈವ್ ಪಾರ್ಸೆಕ್ಸ್ ಫ್ರಮ್ ಹೋಮ್' ಎಂಬ ಬಾಹ್ಯಾಕಾಶ ಸಾಹಸದ ಪುಸ್ತಕ ಒಂಟಿ ಆಟಕ್ಕೆಂದೇ ಹುಟ್ಟಿದ್ದು. ಅದರಲ್ಲಿ ಶತ್ರುಗಳಿಗೆ ಸ್ವಭಾವವಿದೆ: ಕೆಲವರು ಮುನ್ನುಗ್ಗುತ್ತಾರೆ, ಕೆಲವರು ಮರೆಯಲ್ಲಿ ನಿಂತು ಗುಂಡು ಹಾರಿಸುತ್ತಾರೆ, ಕೆಲವರು ಜಾಗ ಬಿಟ್ಟು ಕದಲುವುದಿಲ್ಲ. ಸರದಿಯೂ ಅಲ್ಲಿ ದಾಳದ ಕೈಯಲ್ಲೇ ಇದೆ. ನಿಮ್ಮವರಲ್ಲಿ ಕೆಲವರು ಶತ್ರುವಿಗಿಂತ ಮೊದಲು ಚುರುಕಾಗುತ್ತಾರೆ, ಉಳಿದವರು ಆಮೇಲೆ.

ಪ್ರಶ್ನೆ 3: ಆಟದ ನಡುವೆ ಅಚ್ಚರಿ ಇದೆಯೇ?

ಶತ್ರುಗಳೆಲ್ಲ ಮೊದಲೇ ಮೇಜಿನ ಮೇಲೆ ನಿಂತಿದ್ದರೆ ಅರ್ಧ ಕುತೂಹಲ ಅಲ್ಲೇ ಮುಗಿಯಿತು. ಒಳ್ಳೆಯ ಒಂಟಿ ನಿಯಮದಲ್ಲಿ ಹೊಸ ಶತ್ರು ಯಾವ ಮೂಲೆಯಿಂದ, ಯಾವ ಸುತ್ತಿನಲ್ಲಿ ಬರುತ್ತಾನೆ ಎಂಬುದು ಗುಟ್ಟಾಗಿರುತ್ತದೆ. ಜೋಸೆಫ್ ಮೆಕಲ್ಲೊ ಬರೆದ 'ರೇಂಜರ್ಸ್ ಆಫ್ ಶ್ಯಾಡೋ ಡೀಪ್' ಪುಸ್ತಕದಲ್ಲಿ ಪ್ರತಿ ಸುತ್ತಿಗೂ ಘಟನೆಗಳಿಗೆಂದೇ ಒಂದು ಹಂತವಿದೆ. ಸಾಮಾನ್ಯ ಇಸ್ಪೀಟು ಎಲೆ ಎತ್ತಿ ಏನಾಯಿತೆಂದು ನೋಡಬೇಕು.

ಪ್ರಶ್ನೆ 4: ನೆನಪಿಡಬೇಕಾದ್ದು ಎಷ್ಟು?

ಇಬ್ಬರು ಆಡುವಾಗ ಲೆಕ್ಕವೂ ಇಬ್ಬರ ನಡುವೆ ಹಂಚಿಹೋಗುತ್ತದೆ. ಒಬ್ಬರೇ ಆದಾಗ ಎರಡೂ ಕಡೆಯ ಗಾಯ, ಗುಂಡು, ಮಂತ್ರ, ಶಕ್ತಿ ಎಲ್ಲವೂ ನಿಮ್ಮ ತಲೆ ಮೇಲೆ. ಹಾಗಾಗಿ ಶತ್ರುವಿನ ವಿವರ ಒಂದೇ ಸಾಲಿನಲ್ಲಿ ಮುಗಿಯುವ ಪುಸ್ತಕ ಆರಿಸಿ. ಒಂದು ಗೊಂಬೆ ನಡೆಸಲು ಮೂರು ಪುಟ ತಿರುವಬೇಕಾದರೆ ಅದು ಒಂಟಿ ಆಟಕ್ಕೆ ಭಾರ.

ಪ್ರಶ್ನೆ 5: ಮುಂದಿನ ಆಟಕ್ಕೆ ಏನು ಉಳಿಯುತ್ತದೆ?

ಸೋಲಿಸಿ ನಗಲು ಎದುರಿಗೆ ಗೆಳೆಯನಿಲ್ಲ. ಹಾಗಾದರೆ ಗೆಲುವಿಗೆ ಬೆಲೆ ಎಲ್ಲಿಂದ? ಕತೆಯಿಂದ. ಇವತ್ತು ಗಾಯಗೊಂಡವನು ಮುಂದಿನ ವಾರ ಆಡಲಾರ, ಬದುಕಿ ಬಂದವಳು ಹೊಸ ವಿದ್ಯೆ ಕಲಿಯುತ್ತಾಳೆ, ಸಿಕ್ಕ ಹಣದಲ್ಲಿ ಹೊಸ ಕತ್ತಿ. ಹೀಗೆ ಆಟದಿಂದ ಆಟಕ್ಕೆ ಸಾಗುವ ಸರಣಿಯನ್ನು ಕ್ಯಾಂಪೇನ್ ಎನ್ನುತ್ತಾರೆ. ಇದು ಪುಸ್ತಕದಲ್ಲಿ ಇಲ್ಲದಿದ್ದರೆ ಮೂರನೇ ಆಟದ ಹೊತ್ತಿಗೆ ಉತ್ಸಾಹ ಇಳಿಯಬಹುದು.

ಕೆಲವು ತಪ್ಪು ತಿಳಿವಳಿಕೆಗಳು

"ಒಬ್ಬರೇ ಆಡಿದರೆ ಮೋಸ ಮಾಡಿಕೊಂಡಂತೆ." ಪತ್ರಿಕೆಯ ಪದಬಂಧ ತುಂಬುವವರನ್ನು ಯಾರೂ ಹೀಗೆ ಅನ್ನುವುದಿಲ್ಲ. ನಿಯಮ ಸ್ಪಷ್ಟವಾಗಿದ್ದಷ್ಟೂ ಮೋಸಕ್ಕೆ ಜಾಗ ಕಡಿಮೆ.

"ಐದು ಸಲ 1 ಬಿತ್ತು, ಈ ಸಲ 6 ಬೀಳಲೇಬೇಕು." ದಾಳಕ್ಕೆ ನೆನಪಿಲ್ಲ. ಆರನೇ ಸಲವೂ 6 ಬೀಳುವ ಸಂಭವ ಆರರಲ್ಲಿ ಒಂದೇ. ಚೌಕಾಬಾರದ ಕವಡೆಗೂ ಇದೇ ಮಾತು: ಹಿಂದೆ ಬಿದ್ದದ್ದು ಮುಂದಿನದನ್ನು ಬದಲಿಸುವುದಿಲ್ಲ.

"ಆಯಾ ಕಂಪನಿಯ ಗೊಂಬೆಯೇ ಬೇಕು." ಮೇಲೆ ಹೇಳಿದ ಮೂರೂ ಪುಸ್ತಕಗಳನ್ನು ನಿಮ್ಮಲ್ಲಿರುವ ಯಾವುದೇ ಗೊಂಬೆಯಿಂದ ಆಡಬಹುದು. ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದ ಚಿತ್ರವೂ ಆದೀತು.

ಪುಸ್ತಕದಲ್ಲಿ ಒಂಟಿ ನಿಯಮ ಇಲ್ಲದಿದ್ದರೆ?

ಈಗಾಗಲೇ ಇಬ್ಬರ ಆಟದ ಪುಸ್ತಕ ನಿಮ್ಮ ಬಳಿ ಇದ್ದರೆ ಎಸೆಯಬೇಡಿ. ಶತ್ರು ಗೊಂಬೆಯ ಸರದಿ ಬಂದಾಗ ಅದು ಮಾಡಬಹುದಾದ ಮೂರು ಕೆಲಸ ಯೋಚಿಸಿ: ಅತಿ ಜಾಣತನದ್ದು, ಎರಡನೆಯದ್ದು, ವಿಚಿತ್ರವಾದದ್ದು. ದಾಳದಲ್ಲಿ 1–3 ಬಿದ್ದರೆ ಮೊದಲನೆಯದು, 4–5 ಬಿದ್ದರೆ ಎರಡನೆಯದು, 6 ಬಿದ್ದರೆ ವಿಚಿತ್ರದ್ದು. ಶತ್ರು ಅರ್ಧದಷ್ಟು ಸಲ ಜಾಣನಂತೆ ನಡೆಯುತ್ತಾನೆ, ಉಳಿದ ಸಲ ನಿಮ್ಮನ್ನು ಬೆಚ್ಚಿಬೀಳಿಸುತ್ತಾನೆ. ಒಂದೇ ಷರತ್ತು: ಮೂರೂ ಕೆಲಸಗಳನ್ನು ದಾಳ ಹಾಕುವ ಮುಂಚೆಯೇ ಬಾಯಿಬಿಟ್ಟು ಹೇಳಿ.

ದುಡ್ಡು ಹಾಕುವ ಮುನ್ನ

'ಒನ್ ಪೇಜ್ ರೂಲ್ಸ್' ಎಂಬ ತಂಡ ತನ್ನ ಮೂಲ ನಿಯಮಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತದೆ, ಸ್ಕರ್ಮಿಶ್ ಆಟದ್ದೂ ಸೇರಿ. ಮೊದಲು ಅದನ್ನು ಇಳಿಸಿಕೊಳ್ಳಿ. ಚದುರಂಗದ ಕಾಯಿ, ಅಂಗಿಯ ಗುಂಡಿ, ಬಾಟಲಿಯ ಮುಚ್ಚಳ ಯಾವುದಾದರೂ ಸರಿ, ಸೈನಿಕರೆಂದು ನಿಲ್ಲಿಸಿ. ಪುಸ್ತಕಗಳೇ ಗುಡ್ಡ, ಲೋಟಗಳೇ ಮರ. ಒಂದು ಸಂಜೆ ಆಡಿ ನೋಡಿ. ಆಟ ಮುಗಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: 'ಶತ್ರು ಒಮ್ಮೆಯಾದರೂ ನಾನು ನೆನೆಸದ ಕೆಲಸ ಮಾಡಿದನೇ?' ಹೌದಾದರೆ ಆ ಬಗೆಯ ನಿಯಮ ನಿಮಗೆ ಹೊಂದುತ್ತದೆ, ಆಮೇಲೆ ಗೊಂಬೆ ಕೊಳ್ಳಬಹುದು. ಇಲ್ಲವಾದರೆ ನಿಮಗೆ ನಷ್ಟವಾದದ್ದು ಒಂದು ಸಂಜೆ ಮಾತ್ರ.

ನೆನಪಿರಲಿ: ಒಂಟಿ ಆಟಕ್ಕೆ ಜೊತೆಗಾರ ಬೇಡ, ಆದರೆ ಎದುರಾಳಿ ಬೇಕು. ಆ ಎದುರಾಳಿ ಪುಸ್ತಕದೊಳಗೆ ಇದ್ದಾನೆಯೇ ಎಂದು ನೋಡಿಯೇ ಕೊಳ್ಳಿ. ಈ ಹವ್ಯಾಸಕ್ಕೆ ಕೈ ಹಾಕಲು ಯೋಚಿಸುತ್ತಿರುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ.